ಕೂರುವವರಿಗಲ್ಲದ ಕ್ಯಾರಿಯರು

ಜನನ-ಮರಣ ದಾಖಲೆ ಕಚೇರಿಯ ಗುಮಾಸ್ತರಿಗೆ ಕೈಕೆಲಸ ಚೆನ್ನಾಗಿ ಬರುತ್ತದೆ ಎಂಬುದು ಅವರೊಬ್ಬರಿಗೇ ಗೊತ್ತಿದ್ದ ಸಂಗತಿ. ಅವರು ರಿಪೇರಿ ಮಾಡಿದ ಇಸ್ತ್ರಿಪೆಟ್ಟಿಗೆ ಬಿಸಿಯಾಗುವುದೊಂದನ್ನು ಬಿಟ್ಟು ಮಿಕ್ಕೆಲ್ಲ ಮಾಡುತ್ತಿತ್ತು. ಬಚ್ಚಲಮನೆಯ ಚಿಲಕವನ್ನು ಅವರು ಸರಿಪಡಿಸಿದ ಮೇಲೆ ಒಳಗೆ ಹೋದವರು ಹೊರಗಿನವರ ಸಹಾಯವಿಲ್ಲದೆ ಈಚೆ ಬರುವಂತಿರಲಿಲ್ಲ. ಗುಮಾಸ್ತರು ಇಂಥ ಸಣ್ಣಪುಟ್ಟದ್ದನ್ನೆಲ್ಲ ಮನಸ್ಸಿಗೆ ಹಚ್ಚಿಕೊಳ್ಳುವವರಲ್ಲ.

ಒಂದು ಭಾನುವಾರ ಬೆಳಿಗ್ಗೆ ಅವರ ಹೆಂಡತಿಯ ತಮ್ಮ ಬಂದ. ಬಂದವನು ನೇರ ಒಳಗೆ ಬರಲಿಲ್ಲ. ಮೋಟಾರ್ ಸೈಕಲ್ಲನ್ನು ಹಿಂಭಾಗ ಬಾಗಿಲಿಗೆ ಕಾಣುವಂತೆ ತಿರುಗಿಸಿ ನಿಲ್ಲಿಸಿ, ಕರವಸ್ತ್ರದಿಂದ ಏನನ್ನೋ ಒರೆಸುತ್ತ ನಿಂತ. ಅದು ಅಂಗಡಿಯಿಂದ ತಂದು ಹಾಕಿಸಿದ ಹೊಸ ಲಗೇಜು ಕ್ಯಾರಿಯರು. ಥಳಥಳ ಹೊಳೆಯುತ್ತಿತ್ತು.

"ಅಕ್ಕ, ರಜೆಗೆ ಅಮ್ಮನ ಮನೆಗೆ ಬರೋವಾಗ ಈ ಸಲ ಆ ಟ್ರಂಕು ಹೊತ್ಕೊಂಡು ಬಸ್ಸಿನಲ್ಲಿ ಒದ್ದಾಡಬೇಡಿ. ಭಾವಂಗೂ ಇಂಥದ್ದೊಂದು ಹಾಕಿಸ್ಕೊಳ್ಳೋಕೆ ಹೇಳು" ಎಂದ.

"ಹಾಕಿಸ್ಕೊಳ್ಳೋದೇನು, ನಾನೇ ಮಾಡ್ಕೋತೀನಿ" ಎಂದರು ಗುಮಾಸ್ತರು.

"ಭಾವ, ಇದು ತಿಳಿದವರು ಮಾಡೋ ಕೆಲಸ."

ಆ ಮಾತು ನಾಟಿತು. ಗುಮಾಸ್ತರು ಚಹದ ಲೋಟವನ್ನು ಕೆಳಗಿಟ್ಟು, ಎರಡು ವಾರದ ಗಡುವನ್ನು ತಾವೇ ತಮಗೆ ಹಾಕಿಕೊಂಡರು. ಭಾವಮೈದ ನಕ್ಕಿದ್ದರೆ ಅಲ್ಲಿಗೇ ಒಂದು ಜಗಳವಾಡಿ ಮುಗಿಸಬಹುದಿತ್ತು. ಅವನು ನಗಲಿಲ್ಲ. "ಆಗಲಿ ಭಾವ" ಎಂದು ಮಗುವಿಗೆ ಹೇಳಿದ ಹಾಗೆ ಹೇಳಿ ಎರಡನೆಯ ಲೋಟ ಚಹ ಕೇಳಿದ. ಮನುಷ್ಯನನ್ನು ಕೆಲಸಕ್ಕೆ ಹಚ್ಚಲು ಇದಕ್ಕಿಂತ ದೊಡ್ಡ ಅವಮಾನ ಬೇಕಿಲ್ಲ.

ಅಟ್ಟದ ಮೇಲೆ ಒಂದು ಕಾಲು ಮುರಿದ ಕಬ್ಬಿಣದ ಮಂಚ ಬಿದ್ದಿತ್ತು. ಗುಮಾಸ್ತರು ಅದನ್ನು ಕೆಳಗಿಳಿಸಿದರು. ಅಳತೆಗೆ ಹೆಂಡತಿಯ ಹೊಲಿಗೆ ಟೇಪು ತೆಗೆದುಕೊಂಡರು. ಆ ಟೇಪಿನ ಮೊದಲ ಮೂರು ಇಂಚು ಎಂದೋ ಹರಿದುಹೋಗಿತ್ತು. ಅದನ್ನವರು ಗಮನಿಸದೆ ಇರಲಿಲ್ಲ. ಇಪ್ಪತ್ತೆರಡು ವರ್ಷ ದಾಖಲೆ ತಿದ್ದಿದವರಿಗೆ, ಬಿಟ್ಟುಹೋದದ್ದನ್ನು ಸೇರಿಸಬೇಕು ಎಂಬಷ್ಟು ತಿಳಿಯದೆ? ಪ್ರತಿ ಅಳತೆಗೂ ತಪ್ಪದೆ ಮೂರು ಇಂಚು ಸೇರಿಸಿದರು. ಕಳೆಯಬೇಕಾಗಿತ್ತು. ಹೀಗಾಗಿ ಒಂದೊಂದು ಅಳತೆಯೂ ಅರ್ಧರ್ಧ ಅಡಿ ಬೆಳೆಯಿತು. ಉದ್ದವನ್ನು ನಾಲ್ಕು ಭಾಗ ಮಾಡಿ ಅಳೆದಿದ್ದರಿಂದ ಅದೊಂದೇ ಎರಡಡಿ ಹೆಚ್ಚಾಯಿತು. ಕೊನೆಗೆ ನೋಡಿದರೆ ಮಂಚವನ್ನು ಕತ್ತರಿಸುವ ಅಗತ್ಯವೇ ಬೀಳಲಿಲ್ಲ. ಇದನ್ನು ಗುಮಾಸ್ತರು ಶುಭಸೂಚನೆ ಎಂದುಕೊಂಡು, ಉಳಿದ ಮೂರು ಕಾಲುಗಳನ್ನು ಮಾತ್ರ ಗರಗಸದಿಂದ ಕೊಯ್ದರು.

ಕೆಳಗೆ ಪಟ್ಟಿ ಕೂಡಿಸಲು ವೆಲ್ಡಿಂಗ್ ಅಂಗಡಿಗೆ ಒಯ್ದಾಗ ವೆಲ್ಡರು ಕನ್ನಡಕ ಹಣೆಗೇರಿಸಿ ಬಹಳ ಹೊತ್ತು ನೋಡಿದ.

"ಸಾರ್, ಇದನ್ನ ಗಾಡಿಗೆ ಹಾಕೋದಾ, ಇಲ್ಲ ಗಾಡೀನ ಇದಕ್ಕೆ ಹಾಕೋದಾ?"

"ನೀನು ಹೇಳಿದಷ್ಟು ಮಾಡಪ್ಪ."

"ಮಾಡ್ತೀನಿ. ಆದ್ರೆ ಆರು ಬೋಲ್ಟು ಹಾಕಿ ಸಾರ್. ಒಂದೇ ಸೈಜಿನವು."

ಗುಮಾಸ್ತರ ಬಿಸ್ಕತ್ತಿನ ಡಬ್ಬಿಯಲ್ಲಿ ನಾಲ್ಕೇ ಬೋಲ್ಟುಗಳಿದ್ದವು. ಎರಡು ಒಂದೇ ಸೈಜಿನವು, ಇನ್ನೆರಡು ಹೆಚ್ಚುಕಡಿಮೆ ಅವುಗಳ ಸಂಬಂಧಿಕರು. ಸಡಿಲವಾದ ಕಡೆ ಹಳೆಯ ಸೀರೆಯ ಅಂಚು ಸುತ್ತಿ ಬಿಗಿದರು. ಸಾಮಾನು ಕಟ್ಟಲು ಹಳೆಯ ಬೆಲ್ಟುಗಳನ್ನು ಎರಡೂ ಬದಿಗೆ ಇಳಿಬಿಟ್ಟರು. ಗಡುವಿನೊಳಗೆ ಗುಮಾಸ್ತರ ಮೋಟಾರ್ ಸೈಕಲ್ಲಿನ ಮೇಲೆ ಕ್ಯಾರಿಯರು ಸಿದ್ಧವಾಯಿತು.

ಹೆಂಡತಿ ಹೊರಗೆ ಬಂದು, ಕೈ ಒರೆಸಿಕೊಳ್ಳುತ್ತ ಗಾಡಿಯನ್ನೊಂದು ಸುತ್ತು ಬಂದರು.

"ಸಾಮಾನಿಗೆ ಜಾಗ ಆಯ್ತು. ನಾನೆಲ್ಲಿ ಕೂತ್ಕೊಳ್ಳಲಿ?"

ಗುಮಾಸ್ತರು ನೋಡಿದರು. ಸವಾರನ ಬೆನ್ನು ಎಲ್ಲಿ ಮುಗಿಯುತ್ತದೋ ಅಲ್ಲಿಂದಲೇ ಕ್ಯಾರಿಯರು ಶುರುವಾಗಿತ್ತು. ಹಿಂದಿನ ಸೀಟು ಮಂಚದ ಅಡಿಯಲ್ಲೆಲ್ಲೋ ಇತ್ತು. ಈ ಪ್ರಶ್ನೆ ನಕ್ಷೆ ಬರೆಯುವಾಗ ಎದ್ದಿರಲಿಲ್ಲ.

ಉತ್ತರ ಹುಡುಕುವಷ್ಟರಲ್ಲಿ ಎದುರುಮನೆಯ ಕಾಂಪೌಂಡರು ಗೇಟು ದಾಟಿ ಬಂದರು. ಸರ್ಕಾರಿ ಆಸ್ಪತ್ರೆಯಲ್ಲಿ ಔಷಧಿ ಕೊಡುವ ಕೆಲಸದವರು. ಕೇಳದೆ ಸಲಹೆ ಕೊಡುವುದೂ ಅವರ ಕೆಲಸವೇ. ಅವರೂ ಅದನ್ನೇ ಕೇಳಿದರು. "ಅಲ್ಲ ಗುಮಾಸ್ತರೇ, ಇದರ ಮೇಲೆ ಕೂರೋದು ಹೇಗೆ?"

ಒಂದೇ ನಿಮಿಷದಲ್ಲಿ ಒಂದೇ ಪ್ರಶ್ನೆಯನ್ನು ಎರಡು ಸಲ ಕೇಳಿಸಿಕೊಂಡರೆ ಎಂಥವರಿಗೂ ರೇಗುತ್ತದೆ. ಗುಮಾಸ್ತರು ಎದೆ ಸೆಟೆಸಿ, "ಇದು ಕೂರೋರಿಗಲ್ಲ" ಎಂದರು.

ಕಾಂಪೌಂಡರು ಯೋಚಿಸಿದರು. ಉದ್ದಕ್ಕಿದೆ. ಸಪಾಟಾಗಿದೆ. ಬಿಗಿಯಲು ಬೆಲ್ಟುಗಳಿವೆ. ಕೂರುವವರಿಗಲ್ಲ. ಹಾಗಾದರೆ ಯಾರಿಗೆ? ಮಲಗುವವರಿಗೆ. ಅವರ ಕಣ್ಣು ತುಂಬಿ ಬಂತು.

"ಗೊತ್ತಾಯ್ತು. ನೀವೇನೂ ಹೇಳಬೇಡಿ" ಎಂದು ಗುಮಾಸ್ತರ ಎರಡೂ ಕೈ ಹಿಡಿದು ಕುಲುಕಿದರು. ಯಾರೋ ಒಬ್ಬರು ಕೊನೆಗೂ ಕೆಲಸದ ನಾಜೂಕನ್ನು ಮೆಚ್ಚಿದರಲ್ಲ ಎಂದು ಗುಮಾಸ್ತರ ಕಣ್ಣೂ ತುಂಬಿತು.

ಆ ಬೀದಿಯ ಕಷ್ಟವನ್ನು ಇಲ್ಲಿ ಹೇಳಬೇಕು. ಎರಡು ತಳ್ಳುಗಾಡಿ ಎದುರುಬದುರಾದರೆ ಒಂದು ಹಿಂದಕ್ಕೆ ಹೋಗಬೇಕಾದಷ್ಟು ಇಕ್ಕಟ್ಟು. ಆಂಬುಲೆನ್ಸು ದೊಡ್ಡ ರಸ್ತೆಯಲ್ಲೇ ನಿಂತು ಹಾರನ್ ಹೊಡೆಯುತ್ತಿತ್ತು. ಕಾಯಿಲೆಯವರು ನಡೆದು ಹೋಗಿ ಹತ್ತಬೇಕಾಗಿತ್ತು. ನಡೆಯಲಾಗುವವರಿಗೆ ಆಂಬುಲೆನ್ಸೇಕೆ ಎಂದು ಬೀದಿಯವರು ಅರ್ಜಿಯ ಮೇಲೆ ಅರ್ಜಿ ಬರೆದು ಸುಸ್ತಾಗಿದ್ದರು. ಇಂಥ ಬೀದಿಯಲ್ಲಿ ಒಬ್ಬ ಗುಮಾಸ್ತರು ಯಾರಿಗೂ ಹೇಳದೆ, ತಮ್ಮ ಸ್ವಂತ ಮಂಚ ಕೊಯ್ದು, ರೋಗಿಗಳನ್ನು ಸಾಗಿಸುವ ಗಾಡಿ ಮಾಡಿದ್ದಾರೆ ಎಂದರೆ ಸುದ್ದಿ ನಿಲ್ಲುತ್ತದೆಯೇ?

ಮಾರನೆಯ ಬೆಳಿಗ್ಗೆ ಗುಮಾಸ್ತರು ಬಾಗಿಲು ತೆಗೆದಾಗ ತುದಿಮನೆಯ ಅಜ್ಜಿ ಕ್ಯಾರಿಯರಿನ ಮೇಲೆ ಅಂಗಾತ ಮಲಗಿದ್ದರು. ಗಾಡಿಗೆ ಡಬಲ್ ಸ್ಟ್ಯಾಂಡ್ ಹಾಕಿತ್ತು.

"ಸ್ವಲ್ಪ ಗಟ್ಟಿ ಕಣಪ್ಪ. ಒಂದು ಕಂಬಳಿ ಹಾಸು. ಉದ್ದ ಸರಿಯಾಗಿದೆ" ಎಂದರು.

"ಅಜ್ಜಿ, ಇದು ಟ್ರಂಕಿಗೆ ಅಂತ..."

"ಟ್ರಂಕು ಯಾಕೋ? ಎರಡು ಸೀರೆ ಸಾಕು. ಆಸ್ಪತ್ರೇಲಿ ನಾನೇನು ಸಂಸಾರ ಹೂಡ್ತೀನಾ?" ಅಜ್ಜಿ ಎದ್ದು ಕೂತು, ಬೆಲ್ಟಿನ ಬಿಗಿ ಎಳೆದು ನೋಡಿದರು. "ಒಂದು ಮಾತು ನೆನಪಿಟ್ಕೋ. ನನ್ನನ್ನ ಕರ್ಕೊಂಡು ಹೋಗಬೇಕಾದ್ದು ಆಸ್ಪತ್ರೆಗೆ. ಅಭ್ಯಾಸಬಲದಿಂದ ನಿನ್ನ ಆಫೀಸಿಗೆ ತಿರುಗಿಸಿಬಿಟ್ಟೀಯ!"

ಅಜ್ಜಿ ಹೋದ ಮೇಲೆ ಗುಮಾಸ್ತರಿಗೆ ಸಂಗತಿ ಅರ್ಥವಾಯಿತು. ಹೆಂಡತಿ, "ನಿಜ ಹೇಳಿಬಿಡಿ. ಇವತ್ತೇ" ಎಂದರು. ಹೇಳಬೇಕೆಂದೇ ಗುಮಾಸ್ತರು ಹೊರಟರು. ಆದರೆ ಕ್ಷೌರದಂಗಡಿಯಲ್ಲಿ ಅರ್ಧ ಮುಖಕ್ಕೆ ನೊರೆ ಹಚ್ಚಿಸಿಕೊಂಡಿದ್ದವನು ಎದ್ದುನಿಂತು ಕುರ್ಚಿ ಬಿಟ್ಟುಕೊಟ್ಟ. ದಾರಿಯಲ್ಲಿ ಗಂಡಸರು ಸೈಕಲ್ಲಿನಿಂದ ಇಳಿದರು. ಇಪ್ಪತ್ತೆರಡು ವರ್ಷದಲ್ಲಿ ಹುಟ್ಟಿದವರಾಗಲಿ ಸತ್ತವರಾಗಲಿ ಗುಮಾಸ್ತರಿಗೆ ಇಂಥ ಮರ್ಯಾದೆ ಕೊಟ್ಟಿರಲಿಲ್ಲ. ನಿಜ ಎಲ್ಲಿಗೂ ಓಡಿಹೋಗುವುದಿಲ್ಲ, ನಾಳೆ ಹೇಳಿದರಾಯಿತು ಎಂದುಕೊಂಡರು.

ಕಚೇರಿಯಲ್ಲಿ ಮ್ಯಾನೇಜರು ಕರೆಸಿ ಅಭಿನಂದಿಸಿದರು. ಆಮೇಲೆ ಸ್ವಲ್ಪ ಚಿಂತೆಯಿಂದ, "ಆದ್ರೂ ನೋಡ್ರೀ, ನಮ್ಮವರೇ ಹೀಗೆ ಜನರನ್ನ ಉಳಿಸ್ತಾ ಹೋದ್ರೆ ಮರಣ ವಿಭಾಗಕ್ಕೆ ಸಿಬ್ಬಂದಿ ಕಮ್ಮಿ ಮಾಡ್ತಾರೆ. ಮಿತಿಯಲ್ಲಿರಲಿ" ಎಂದರು.

ಸುದ್ದಿ ಕೇಳಿ ಭಾವಮೈದ ಬಂದ. ನಂಬದ ಮುಖ ಮಾಡಿಕೊಂಡೇ ಬಂದ. ಕ್ಯಾರಿಯರನ್ನು ಹಿಡಿದು ಅಲ್ಲಾಡಿಸಿದ. ಅದು ಧಾರಾಳವಾಗಿ ಅಲ್ಲಾಡಿತು.

"ಭಾವ, ಇದು ಸಡಿಲ ಇದೆ."

"ಸಡಿಲ ಅಲ್ಲ ಕಣಪ್ಪ" ಎಂದರು ಅಲ್ಲೇ ಇದ್ದ ಕಾಂಪೌಂಡರು. "ರೋಗಿಗೆ ಕುಲುಕಾಟ ತಟ್ಟಬಾರದು ಅಂತ ಬಿಟ್ಟಿರೋ ಆಟ ಅದು. ನಿನ್ನದು ನೋಡು, ಹೇಗೆ ಕಚ್ಚಿಕೊಂಡಿದೆ. ಅದರ ಮೇಲೆ ಒಬ್ಬ ರೋಗೀನ ಮಲಗಿಸು ನೋಡೋಣ."

ಭಾವಮೈದನಿಗೆ ತನ್ನ ಕ್ಯಾರಿಯರಿನ ಮೇಲೆ ರೋಗಿಯನ್ನು ಮಲಗಿಸಲಾಗುವುದಿಲ್ಲ ಎಂಬುದು ಅಂದೇ ಮೊದಲು ಕೊರತೆಯೆನಿಸಿತು. ಕರವಸ್ತ್ರವನ್ನು ಜೇಬಿಗಿಟ್ಟುಕೊಂಡ.

ಗುರುವಾರ ಆರೋಗ್ಯ ಇಲಾಖೆಯ ಇನ್‌ಸ್ಪೆಕ್ಟರು ಒಂದು ಫೈಲಿನೊಡನೆ ಬಂದರು. ಗುಮಾಸ್ತರು ಇನ್ನು ತಡೆಯಲಾರದೆ, ಬಾಗಿಲು ಹಾಕಿ, ತಗ್ಗಿದ ದನಿಯಲ್ಲಿ ನಿಜ ಹೇಳಿಯೇಬಿಟ್ಟರು. "ಸ್ವಾಮಿ, ಇದು ಬರೀ ಲಗೇಜು ಕ್ಯಾರಿಯರು."

ಇನ್‌ಸ್ಪೆಕ್ಟರು ಪೆನ್ನಿನ ಮುಚ್ಚಳ ಹಾಕಿದರು. "ಲಗೇಜಿಗಾದ್ರೆ ಇಷ್ಟು ಉದ್ದ ಇರೋ ಹಾಗಿಲ್ಲ. ಗಾಡಿ ಹಿಡಿದು ನಿಲ್ಲಿಸಬೇಕಾಗುತ್ತೆ."

"ಹಾಗಾದ್ರೆ ರೋಗಿಗಾದ್ರೆ?"

"ರೋಗಿಗೆ ಉದ್ದದ ಮಿತಿ ಇಲ್ಲ. ರೋಗಿ ಎಷ್ಟುದ್ದ ಇರ್ತಾನೋ ಅಷ್ಟು."

ಗುಮಾಸ್ತರು ಗೋಡೆಯ ಕಡೆ ನೋಡಿದರು. "ರೋಗಿಗೇ ಸ್ವಾಮಿ" ಎಂದರು.

"ಹಾಗೆ ಹೇಳಿ ಮತ್ತೆ." ಇನ್‌ಸ್ಪೆಕ್ಟರು ಮುಚ್ಚಳ ತೆಗೆದರು. "ಹಾಸಿಗೆಗಳ ಸಂಖ್ಯೆ?"

"ಒಂದು."

"ಒಂದು. ಐದರೊಳಗೆ ಇದ್ರೆ ಹಸಿರು ಅರ್ಜಿ. ವೈದ್ಯರು?"

"ಇಲ್ಲ."

"ಹುದ್ದೆ ಖಾಲಿ. ಶೌಚಾಲಯ?"

"ಮೋಟಾರ್ ಸೈಕಲ್ಲಿನಲ್ಲಿ ಎಲ್ಲಿಂದ ಬರುತ್ತೆ ಸ್ವಾಮಿ?"

"ಸಾರ್ವಜನಿಕ ಅಂತ ಬರೀತೀನಿ." ಇನ್‌ಸ್ಪೆಕ್ಟರು ಮೊಹರು ಒತ್ತಿದರು. ಹೀಗೆ ಗುಮಾಸ್ತರ ಮೋಟಾರ್ ಸೈಕಲ್ಲು ಒಂದು ಹಾಸಿಗೆಯ ಆಸ್ಪತ್ರೆಯಾಗಿ ಇಲಾಖೆಯ ಪಟ್ಟಿಗೆ ಸೇರಿತು. ದಾಖಲೆಗೆ ಹೋದದ್ದನ್ನು ಅಳಿಸುವುದು ಎಷ್ಟು ಕಷ್ಟ ಎಂಬುದು ಗುಮಾಸ್ತರಿಗಿಂತ ಚೆನ್ನಾಗಿ ಬಲ್ಲವರು ಯಾರು?

ಎರಡು ದಿನ ಕಳೆದು, ಶನಿವಾರ ಮಧ್ಯಾಹ್ನ ಮೂರು ಗಂಟೆಗೆ ತುದಿಮನೆಯ ಅಜ್ಜಿ ಒಣಗಿದ ಬಟ್ಟೆ ತೆಗೆಯುವಾಗ ಮೆಟ್ಟಿಲು ಜಾರಿ ಬಿದ್ದರು. ಏಳಲಾಗಲಿಲ್ಲ. ಕೂರಿಸಲು ಹೋದರೆ ಕಿರುಚಿಕೊಂಡರು. ಆಂಬುಲೆನ್ಸಿಗೆ ಫೋನು ಮಾಡಿದರೆ, ಪೈಪು ಹಾಕಲು ದೊಡ್ಡ ರಸ್ತೆ ಅಗೆದಿದ್ದಾರೆ, ಸುತ್ತಿಕೊಂಡು ಬರಲು ಒಂದು ಗಂಟೆಯಾಗುತ್ತದೆ ಎಂಬ ಉತ್ತರ ಬಂತು.

ಇಡೀ ಬೀದಿ ಗುಮಾಸ್ತರ ಬಾಗಿಲಿಗೆ ಬಂದು ನಿಂತಿತು.

ನಾಲ್ಕು ಬೋಲ್ಟುಗಳ ಸಂಗತಿ ಗುಮಾಸ್ತರೊಬ್ಬರಿಗೆ ಗೊತ್ತು. ಆ ಅಜ್ಜಿಯಾದರೂ ಎಂಥವರು? ಗುಮಾಸ್ತರಿಗೆ ಕಾಮಾಲೆಯಾಗಿದ್ದಾಗ ಹದಿನೈದು ದಿನ ಗಂಜಿ ಕಾಸಿ ತಂದುಕೊಟ್ಟವರು. ಗುಮಾಸ್ತರು ಅಡುಗೆಮನೆಗೆ ಹೋಗಿ ಹೆಂಡತಿಯನ್ನು ಕೇಳಿದರು. "ಏನೇ ಮಾಡ್ಲಿ? ದಾರೀಲಿ ಬಿದ್ದುಹೋದ್ರೆ?"

"ಅಜ್ಜಿ ಅಲ್ಲಿ ನೋವು ತಿಂತಾ ಇದಾರೆ. ನಡಿಗೆಯಷ್ಟೇ ನಿಧಾನಕ್ಕೆ ಬಿಡಿ. ನಾವೆಲ್ಲ ಅಕ್ಕಪಕ್ಕ ಹಿಡ್ಕೊಂಡು ಬರ್ತೀವಿ" ಎಂದರು ಹೆಂಡತಿ, ಸೆರಗು ಸಿಕ್ಕಿಸಿಕೊಳ್ಳುತ್ತ.

ಕಂಬಳಿ ಹಾಸಿ ಅಜ್ಜಿಯನ್ನು ಮಲಗಿಸಿ ಬೆಲ್ಟು ಬಿಗಿದರು. ಎಡಕ್ಕೆ ನಾಲ್ಕು ಜನ, ಬಲಕ್ಕೆ ನಾಲ್ಕು ಜನ ಹಿಡಿದರು. ಅವರಲ್ಲಿ ಗುಮಾಸ್ತರ ಹೆಂಡತಿ, ಕಾಂಪೌಂಡರು, ಅಂದು ತಪ್ಪಿಸಿಕೊಳ್ಳಲಾಗದೆ ಸಿಕ್ಕಿಬಿದ್ದ ಭಾವಮೈದ, ಕತ್ತರಿ ಕೈಯಲ್ಲೇ ಓಡಿಬಂದ ಕ್ಷೌರಿಕ. "ಹಿಂದೆ ಮಾತ್ರ ತಿರುಗಿ ನೋಡಬೇಡಿ ಗುಮಾಸ್ತರೇ, ಬ್ಯಾಲೆನ್ಸು ತಪ್ಪುತ್ತೆ" ಎಂದರು ಕಾಂಪೌಂಡರು. ಗುಮಾಸ್ತರು ಹೆಲ್ಮೆಟ್ಟು ಬಿಗಿದು, ಹಾರನ್ ಒತ್ತಿ ಹಿಡಿದು ಹೊರಟರು.

ಬೀದಿಯ ತುದಿಯವರೆಗೆ ಎಲ್ಲವೂ ಸರಿಯಾಗಿತ್ತು. ಅಲ್ಲಿ ಪೈಪಿಗಾಗಿ ಅಗೆದ ಮಣ್ಣಿನ ದಿಬ್ಬವಿತ್ತು. ಹಿಂದಿನ ಚಕ್ರ ಅದನ್ನು ಹತ್ತಿ ಇಳಿಯುವಾಗ ಕಟಕ್ ಎಂದು ಏನೋ ಸದ್ದಾಯಿತು. ಹೆಲ್ಮೆಟ್ಟಿನೊಳಗೆ, ಹಾರನ್ನಿನ ನಡುವೆ, ಅದು ಗುಮಾಸ್ತರಿಗೆ ಕೇಳಿಸಲಿಲ್ಲ. ಗಾಡಿ ಒಮ್ಮೆಲೇ ಹಗುರವಾದದ್ದು ಮಾತ್ರ ತಿಳಿಯಿತು. ಮನಸ್ಸಿಟ್ಟು ಓಡಿಸಿದರೆ ಭಾರವೂ ಭಾರವೆನಿಸುವುದಿಲ್ಲ ಎಂದುಕೊಂಡು ಸ್ವಲ್ಪ ಧೈರ್ಯ ತಂದುಕೊಂಡರು.

"ಅಜ್ಜಿ, ಹೇಗಿದೀರಿ?" ಎಂದು ಕೂಗಿದರು.

ಉತ್ತರವಿಲ್ಲ.

"ಅಜ್ಜೀ!"

ಮಾತಿಗೆ ಮಾತು ಬಾಕಿ ಇಡದ ಅಜ್ಜಿ ಸುಮ್ಮನಿದ್ದಾರೆಂದರೆ ಅರ್ಥವೇನು? ಗುಮಾಸ್ತರ ಕಣ್ಣೆದುರಿಗೆ ಕಚೇರಿಯ ದೊಡ್ಡ ಪುಸ್ತಕ ತಾನಾಗಿ ತೆರೆದುಕೊಂಡಿತು. ಹೆಸರು. ವಯಸ್ಸು. ಮರಣದ ಕಾರಣ: ಬೋಲ್ಟು. ಮರಣದ ಸ್ಥಳ: ಕ್ಯಾರಿಯರು. ಬರೆದವರ ಸಹಿ. ಆ ಸಹಿ ತಮ್ಮದೇ ಎಂದು ಹೊಳೆದೊಡನೆ ಅವರು ನಡಿಗೆಯ ವೇಗವನ್ನು ಮರೆತರು. "ತಡ್ಕೊಳ್ಳಿ ಅಜ್ಜಿ, ಬಂದೇಬಿಡ್ತು!" ಎಂದು ಅಳುತ್ತ, ಬಾಳಿನಲ್ಲಿ ಎಂದೂ ಓಡಿಸದ ವೇಗದಲ್ಲಿ ಓಡಿಸಿ ಆಸ್ಪತ್ರೆಯ ಅಂಗಳಕ್ಕೆ ನುಗ್ಗಿದರು.

"ಬೇಗ ಬನ್ನಿ! ಅಜ್ಜಿ ಮಾತಾಡ್ತಾ ಇಲ್ಲ!"

ಇಬ್ಬರು ಅಟೆಂಡರುಗಳು ಓಡಿಬಂದರು. ಗಾಡಿಯ ಹಿಂದೆ ನೋಡಿದರು. ಒಬ್ಬರ ಮುಖ ಒಬ್ಬರು ನೋಡಿಕೊಂಡರು.

"ಯಾವ ಅಜ್ಜಿ ಸಾರ್?"

"ಹಿಂದೆ ಮಲಗಿದಾರಲ್ಲಯ್ಯ! ಹುಷಾರಾಗಿ ಇಳಿಸಿ! ಕಾಲು ಮುಟ್ಟಬೇಡಿ!"

ಹಿರಿಯ ಅಟೆಂಡರು ಅನುಭವಸ್ಥ. ಗುಮಾಸ್ತರ ಭುಜದ ಮೇಲೆ ಮೆಲ್ಲಗೆ ಕೈಯಿಟ್ಟು, ತಾಯಿಯ ದನಿಯಲ್ಲಿ ಕೇಳಿದ. "ಈ ಅಜ್ಜಿ ಯಾವಾಗಿನಿಂದ ಕಾಣಿಸ್ಕೋತಾ ಇದಾರೆ ಸಾರ್?"

ಗುಮಾಸ್ತರು ಆಗ ತಿರುಗಿ ನೋಡಿದರು. ಅಜ್ಜಿ ಇರಲಿಲ್ಲ. ಕಂಬಳಿ ಇರಲಿಲ್ಲ. ಕ್ಯಾರಿಯರೇ ಇರಲಿಲ್ಲ. ಸೀರೆಯ ಅಂಚಿನ ಒಂದು ತುಂಡು ಮಾತ್ರ ಗಾಳಿಗೆ ಆಡುತ್ತಿತ್ತು. ಗುಮಾಸ್ತರು ಅಲ್ಲೇ ನೆಲಕ್ಕೆ ಕುಸಿದು ಕೂತರು. ಅವರನ್ನು ಎತ್ತಿ ಒಳಗೆ ಒಯ್ದು ಡಾಕ್ಟರು ಕಣ್ಣಿಗೆ ಟಾರ್ಚು ಬಿಟ್ಟರು. ಇದು ಎಷ್ಟು ಬೆರಳು ಎಂದು ಕೇಳಿದರು. ಗುಮಾಸ್ತರು, "ನಾಲ್ಕೇ ಡಾಕ್ಟ್ರೇ, ಆರು ಹಾಕಬೇಕಿತ್ತು" ಎಂದರು. ಡಾಕ್ಟರು ತೋರಿಸಿದ್ದು ಎರಡು ಬೆರಳು. ಅವರು ಚೀಟಿಯಲ್ಲಿ ಏನೋ ಬರೆದುಕೊಂಡರು.

ಆ ಹೊತ್ತಿಗೆ ಹೊರಗೆ ಗದ್ದಲ ಕೇಳಿಸಿತು.

"ಏಯ್, ಎಡಗಡೆಯವರು ತಗ್ಗಿಸಬೇಡ್ರೋ! ಕ್ಷೌರಿಕಪ್ಪ, ಆ ಕತ್ತರಿ ಆಚೆ ಹಿಡ್ಕೋ! ಉಸಿರು ಬಿಡ್ತೀಯೋ ಎಂಜಿನ್ ಓಡಿಸ್ತೀಯೋ?"

ಎಂಟು ಜನ ಹೆಗಲು ಕೊಟ್ಟು ಹೊತ್ತ ಮಂಚದ ಮೇಲೆ, ಪಲ್ಲಕ್ಕಿಯಲ್ಲಿ ಬರುವವರ ಹಾಗೆ, ತುದಿಮನೆಯ ಅಜ್ಜಿ ಆಸ್ಪತ್ರೆಯ ಅಂಗಳವನ್ನು ಪ್ರವೇಶಿಸಿದರು. ದಿಬ್ಬದ ಮೇಲೆ ಬೋಲ್ಟು ಬಿಟ್ಟಾಗ ಮಂಚ ಎಂಟು ಜನರ ಕೈಯಲ್ಲೇ ಉಳಿದಿತ್ತು. ಗುಮಾಸ್ತರನ್ನು ಕೂಗಿ ಕೂಗಿ ಸಾಕಾಗಿ, ಅವರು ಹಾಗೇ ಹೊತ್ತು ತಂದಿದ್ದರು. ಒಳಗಿನಿಂದ ಓಡಿಬಂದ ಗುಮಾಸ್ತರು ಅಜ್ಜಿಯ ಕೈ ಹಿಡಿದುಕೊಂಡರು.

"ಎಲ್ಲಿಗೆ ಹೋಗಿದ್ಯಪ್ಪ ಅಷ್ಟು ಅವಸರವಾಗಿ?" ಎಂದರು ಅಜ್ಜಿ.

ಎಕ್ಸ್‌ರೇ ತೆಗೆದರು. ಮೂಳೆ ಮುರಿದಿರಲಿಲ್ಲ, ಕಾಲು ಉಳುಕಿ ಊದಿತ್ತು, ಅಷ್ಟೆ. ಡಾಕ್ಟರು ಪಟ್ಟಿ ಕಟ್ಟಿ ಹೊರಗೆ ಬಂದು, "ಇಷ್ಟು ಅಲುಗಾಡದೆ ಬಂದ ಪೇಷೆಂಟನ್ನ ನಾನು ಈ ಆಸ್ಪತ್ರೇಲಿ ನೋಡೇ ಇಲ್ಲ" ಎಂದರು.

ಇನ್‌ಸ್ಪೆಕ್ಟರ ಕೋಣೆ ಅದೇ ಕಟ್ಟಡದಲ್ಲಿತ್ತು. ಅವರು ಫೈಲಿನೊಡನೆ ಬಂದು, ಮಂಚವನ್ನೂ ಗಾಡಿಯನ್ನೂ ಮೂರು ಸಲ ನೋಡಿ, ತಲೆದೂಗಿದರು. "ಅಬ್ಬ! ಗಾಡಿ ಮುಂದೆ ಹೋಗಿ ಆಸ್ಪತ್ರೆಗೆ ಸುದ್ದಿ ಮುಟ್ಟಿಸುತ್ತೆ. ರೋಗಿ ಹಿಂದೆ ನಿಧಾನವಾಗಿ ಬರ್ತಾರೆ. ಇದನ್ನ ಅರ್ಜೀಲಿ ಯಾಕ್ರೀ ಹೇಳಲಿಲ್ಲ?"

ಗುಮಾಸ್ತರಿಗೆ ಇನ್ನು ಸಾಕಾಗಿತ್ತು. ಅವರು ಆಸ್ಪತ್ರೆಯ ಜಗಲಿಯ ಮೇಲೆ ನಿಂತು, ಎಲ್ಲರಿಗೂ ಕೇಳುವಂತೆ ಹೇಳಿದರು. "ನಾನು ಯಾರಿಗೋಸ್ಕರಾನೂ ಏನೂ ಮಾಡಿಲ್ಲ. ಅದು ಲಗೇಜಿಗೆ ಅಂತ ಮಾಡಿದ್ದು. ಅಳತೆ ತಪ್ಪಾಯ್ತು. ಬೋಲ್ಟು ಸರಿ ಇರಲಿಲ್ಲ. ತಾನಾಗೇ ಬಿಚ್ಚಿಹೋಯ್ತು. ಅಜ್ಜೀನ ಹೊತ್ತು ತಂದೋರು ನೀವು, ನಾನಲ್ಲ."

"ನೋಡಿದ್ರಾ!" ಎಂದರು ಕಾಂಪೌಂಡರು. "ಇಷ್ಟೆಲ್ಲ ಮಾಡಿ ಕೊನೇಲಿ ಹೆಸರು ನಮಗೆ ಕೊಡ್ತಾರೆ."

"ತುಂಬಿದ ಕೊಡ ತುಳುಕಲ್ಲ ಅಂತ ಸುಮ್ನೆ ಹೇಳ್ತಾರಾ?" ಎಂದ ಕ್ಷೌರಿಕ.

ಇನ್‌ಸ್ಪೆಕ್ಟರು 'ನಿಗರ್ವಿ' ಎಂದು ಷರಾ ಬರೆದರು. ಭಾವಮೈದ ಪಕ್ಕಕ್ಕೆ ಬಂದು, ನೆಲ ನೋಡುತ್ತ, "ಭಾವ, ಅದು ಸರಿಯಾದ ಹೊತ್ತಿಗೆ ಹೇಗೆ ಬಿಚ್ಚಿಕೊಳ್ಳುತ್ತೆ ಅಂತ ನನಗೊಬ್ಬನಿಗೆ ಹೇಳಿ. ಯಾರಿಗೂ ಹೇಳಲ್ಲ" ಎಂದು ಪಿಸುಗುಟ್ಟಿದ. ಗುಮಾಸ್ತರು ಮತ್ತೊಮ್ಮೆ ನಿಜವನ್ನೇ ಹೇಳಿದರು. ಅವನು ಬೇಸರಪಟ್ಟುಕೊಂಡು, "ನನ್ನ ಮೇಲೆ ಇಷ್ಟೂ ನಂಬಿಕೆ ಇಲ್ವಾ ಭಾವ?" ಎಂದು ಹೊರಟುಹೋದ.

ಜನ ಚದುರಿದ ಮೇಲೆ ಗುಮಾಸ್ತರು ಹೆಂಡತಿಯ ಪಕ್ಕದಲ್ಲಿ ಬೆಂಚಿನ ಮೇಲೆ ಕೂತರು. ಆಕೆ ಮಂಚ ಹೊತ್ತು ಕೆಂಪಾದ ಅಂಗೈಯನ್ನು ಊದಿಕೊಳ್ಳುತ್ತಿದ್ದರು.

"ನಿಜ ಹೇಳಿದೆ ಕಣೇ. ಒಬ್ಬರೂ ನಂಬಲಿಲ್ಲ. ಅದು ನನ್ನ ಕೆಲಸ ಕೆಟ್ಟದ್ದಕ್ಕೇ ಬಿಚ್ಚಿಹೋಯ್ತು ಅಂದ್ರೆ ಯಾರೂ ಒಪ್ಪಲ್ಲ."

"ನಾನು ನಂಬ್ತೀನ್ರೀ" ಎಂದರು ಹೆಂಡತಿ. "ನೀವು ಹೇಳೋದೇ ಬೇಕಿರಲಿಲ್ಲ."

ಗುಮಾಸ್ತರು ನಿಟ್ಟುಸಿರು ಬಿಟ್ಟರು. ಒಂದು ವಾರದಿಂದ ಇಲ್ಲದಿದ್ದ ನೆಮ್ಮದಿ ಬಂದು ಬೆಂಚಿನ ಮೇಲೆ ಅವರ ಪಕ್ಕ ಕೂತಿತು.